ಅರ್ಧ ಗಂಟೆಯ ಉಪ್ಪಿನಕಾಯಿ

ಎಳೆ ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚಿ, ಮೇಲೆ ಉಪ್ಪು ಉದುರಿಸಿ ಬದಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರತಿ ಬಿಲ್ಲೆಯ ಮೈಮೇಲೂ ಸಣ್ಣ ಹನಿಗಳು ಮೂಡುತ್ತವೆ. ಕಾಲು ಗಂಟೆ ಕಳೆಯುವ ಹೊತ್ತಿಗೆ ತಟ್ಟೆಯ ತಳದಲ್ಲಿ ನೀರು ನಿಂತಿರುತ್ತದೆ. ಹೆಚ್ಚಿದಾಗ ಬಗ್ಗಿಸಿದರೆ ಪಟ್ಟನೆ ಮುರಿಯುತ್ತಿದ್ದ ಬಿಲ್ಲೆ ಈಗ ಮುರಿಯದೆ ಮಡಚಿಕೊಳ್ಳುತ್ತದೆ. ಅದಕ್ಕೆ ನಿಂಬೆರಸ ಹಿಂಡಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ, ಇಂಗು-ಸಾಸಿವೆಯ ಒಗ್ಗರಣೆ ಕೊಟ್ಟರೆ ಮಧ್ಯಾಹ್ನದ ಮೊಸರನ್ನಕ್ಕೆ ದಿಢೀರ್ ಉಪ್ಪಿನಕಾಯಿ ಸಿದ್ಧ.

ಬೇಸಿಗೆ ಬಂತೆಂದರೆ ಕರ್ನಾಟಕದ ಮನೆಗಳಲ್ಲಿ ಎರಡು ಬಗೆಯ ಉಪ್ಪಿನಕಾಯಿ ಹಾಕುವ ಕೆಲಸ ನಡೆಯುತ್ತದೆ. ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಕೊಯ್ದು ತಂದು, ಹರಳುಪ್ಪಿನೊಂದಿಗೆ ಪದರ ಪದರವಾಗಿ ಭರಣಿಗೆ ತುಂಬುತ್ತಾರೆ. ಮಿಡಿ ಚಿರುಟಿ, ಉಪ್ಪುನೀರು ಬಿಟ್ಟ ಮೇಲಷ್ಟೇ ಖಾರದ ಮಾತು. ಅದು ವರ್ಷಕ್ಕೆ ಬರುವ ಉಪ್ಪಿನಕಾಯಿ. ಇನ್ನೊಂದು, ಗಿಣಿಮೂತಿ ಮಾವಿನಕಾಯಿ, ಸೌತೆ, ಕ್ಯಾರೆಟ್, ಈರುಳ್ಳಿ, ಬೀನ್ಸ್ ಹೀಗೆ ಸಂತೆಯಲ್ಲಿ ಸಿಕ್ಕಿದ್ದನ್ನು ತಂದು ಆವತ್ತೇ ಹೆಚ್ಚಿ ಆವತ್ತೇ ಬಡಿಸುವಂಥದ್ದು. ಎರಡಕ್ಕೂ ಹೆಸರು ಒಂದೇ, ಮಸಾಲೆಯೂ ಬಹುಪಾಲು ಒಂದೇ. ಒಳಗೆ ನಡೆಯುವ ರಸಾಯನ ಮಾತ್ರ ಬೇರೆ. ಅಜ್ಜಿಯ ಭರಣಿ ಅಟ್ಟದ ಮೇಲೆ ವರ್ಷವಿಡೀ ಕೆಡದೆ ನಿಂತಿತು ಎಂಬ ನಂಬಿಕೆಯನ್ನು ಅರ್ಧ ಗಂಟೆಯ ಉಪ್ಪಿನಕಾಯಿಗೂ ವಿಸ್ತರಿಸುವುದು ಅಪಾಯ. ಹೇಗೆ ಎಂಬುದನ್ನು ತಿಳಿಯಲು ಮತ್ತೆ ಆ ಸೌತೆಯ ಬಿಲ್ಲೆಯಿಂದಲೇ ಶುರುಮಾಡಬೇಕು.

ಸೌತೆಕಾಯಿಯ ತೂಕದಲ್ಲಿ ಶೇ 95ರಷ್ಟು ನೀರೇ. ಆ ನೀರು ಲಕ್ಷಾಂತರ ಕೋಶಗಳ ಒಳಗೆ ಒತ್ತಡದಲ್ಲಿ ತುಂಬಿಕೊಂಡಿರುತ್ತದೆ. ಸಸ್ಯಕೋಶಗಳಲ್ಲಿ ಈ ಒತ್ತಡ ವಾತಾವರಣದ ಒತ್ತಡದ ಹಲವು ಪಟ್ಟು ಇರಬಲ್ಲದು. ಎಳೆಕಾಯಿ ಕಚ್ಚಿದಾಗ ಕೇಳುವ ಕರಂ ಸದ್ದು ಬಿಗಿದ ಕೋಶಗಳು ಒಡೆಯುವ ಸದ್ದು. ಹೊರಗೆ ಉಪ್ಪು ಬಿದ್ದ ಕೂಡಲೆ ಕೋಶದ ಸುತ್ತಲಿನ ತೇವ ಗಾಢ ಉಪ್ಪುನೀರಾಗುತ್ತದೆ. ಕೋಶಪೊರೆ ನೀರನ್ನು ಸಲೀಸಾಗಿ ದಾಟಿಸುತ್ತದೆ, ಉಪ್ಪನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಒಳಗಿನ ನೀರು ಹೊರಬರುತ್ತದೆ, ಒತ್ತಡ ಇಳಿಯುತ್ತದೆ, ಬಿಲ್ಲೆ ಮೆತ್ತಗಾಗುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ಕಲಿತ ಪಾಠ ಇದೇ. ಫ್ರಾನ್ಸಿನ ಜಾನ್-ಆಂತ್ವಾನ್ ನೊಲೆ 1748ರಲ್ಲಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ, ನೀರು ಒಳನುಗ್ಗಿ ಪೊರೆ ಉಬ್ಬಿದ್ದನ್ನು ಕಂಡ. ಅದರ ಲೆಕ್ಕಾಚಾರವನ್ನು ಬಿಡಿಸಿದ ಡಚ್ ವಿಜ್ಞಾನಿ ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಬಂತು. ಉಪ್ಪು ಹಚ್ಚಿ ನೀರು ಹಿಂಡುವ ಕೆಲಸ ಅಡುಗೆಮನೆಗಳಲ್ಲಿ ಅದಕ್ಕೂ ಬಹಳ ಮೊದಲಿನಿಂದ ನಡೆದಿತ್ತು.

ನೀರು ಹೊರಬಂದ ಮೇಲೆ ಉಪ್ಪು-ಹುಳಿ ಒಳಹೋಗಬೇಕು. ಇದು ನಿಧಾನದ ಕೆಲಸ. ಇಲ್ಲಿ ಆಳುವುದು ವಿಸರಣೆಯ ನಿಯಮ. ದಪ್ಪ ಎರಡು ಪಟ್ಟಾದರೆ ಬೇಕಾಗುವ ಸಮಯ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಯ ನಡುವಿಗೆ ಹುಳಿ ಮುಟ್ಟಲು ಹೆಚ್ಚುಕಡಿಮೆ ಅರ್ಧ ಗಂಟೆ ಸಾಕು. ಅದೇ ಸೌತೆಯನ್ನು ಬೆರಳುಗಾತ್ರದ, ಹನ್ನೆರಡು ಮಿಲಿಮೀಟರಿನ ಕಡ್ಡಿಗಳಾಗಿ ಹೆಚ್ಚಿದರೆ ಅದಕ್ಕೆ ಹದಿನಾರು ಪಟ್ಟು, ಅಂದರೆ ಸುಮಾರು ಎಂಟು ಹತ್ತು ಗಂಟೆ ಹಿಡಿಯುತ್ತದೆ. ಸಿಪ್ಪೆ ಬಿಡಿಸದ ಇಡೀ ಕಾಯಿಗೆ ದಿನಗಳೇ ಬೇಕು, ಯಾಕೆಂದರೆ ಸಿಪ್ಪೆಯ ಮೇಲಿನ ಮೇಣದ ಪದರ ನೀರನ್ನೂ ಹುಳಿಯನ್ನೂ ತಡೆಯುತ್ತದೆ. ದಿಢೀರ್ ಉಪ್ಪಿನಕಾಯಿಗೆ ತೆಳ್ಳಗೆ ಹೆಚ್ಚಬೇಕು ಎನ್ನುವುದು ಚೆಂದಕ್ಕಾಗಿ ಹೇಳಿದ ಮಾತಲ್ಲ. ಈಳಿಗೆಮಣೆಯಲ್ಲಿ ಕೈ ಪಳಗಿದವರು ಸಮಯ ಉಳಿಸುವುದು ಹೆಚ್ಚುವ ವೇಗದಿಂದಲ್ಲ, ಹೋಳಿನ ತೆಳುವಿನಿಂದ.

ಇನ್ನು ಹುಳಿಯ ವಿಚಾರ. ಉಪ್ಪಿನಕಾಯಿ ಕೆಡದಂತೆ ಕಾಯುವ ಭಾರವನ್ನು ದಿಢೀರ್ ಬಗೆಯಲ್ಲಿ ಹೊರುವುದು ಉಪ್ಪಲ್ಲ, ಹುಳಿ. ಹುಳಿಯನ್ನು ಅಳೆಯುವ ಪಿಎಚ್ ಮಾನವನ್ನು ಡೆನ್ಮಾರ್ಕಿನ ಸೋರೆನ್ಸನ್ ರೂಪಿಸಿದ್ದು 1909ರಲ್ಲಿ, ಕೋಪನ್‌ಹೇಗನ್‌ನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಈ ಮಾನದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಆಹಾರ ಸುರಕ್ಷತೆಯ ಲೋಕದಲ್ಲಿ ಎಲ್ಲರೂ ಕಣ್ಣಿಟ್ಟಿರುವ ಅಂಕಿ 4.6. ಅದಕ್ಕಿಂತ ಕೆಳಗೆ ಬಾಟುಲಿಸಂ ಎಂಬ ಮಾರಕ ಕಾಯಿಲೆಯನ್ನುಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬೆಳೆಯಲಾರದು.

ಹಸಿ ಮಾವಿನಕಾಯಿಯ ಪಿಎಚ್ 3ರ ಆಸುಪಾಸಿನಲ್ಲಿರುತ್ತದೆ. ಅದು ತನ್ನ ರಕ್ಷಣೆಯನ್ನು ತಾನೇ ತಂದಿರುತ್ತದೆ. ನಿಂಬೆ, ನೆಲ್ಲಿಗಳದ್ದೂ ಅದೇ ಕಥೆ. ಆದರೆ ಸೌತೆ, ಈರುಳ್ಳಿಗಳ ಪಿಎಚ್ 5ರ ಮೇಲೆ, ಕ್ಯಾರೆಟ್ ಮತ್ತು ಬೀನ್ಸ್ 6ರ ಹತ್ತಿರ. ಇವು ಹುಳಿಯಿಲ್ಲದ ತರಕಾರಿಗಳು. ಮಾವಿನಕಾಯಿಗೆ ಒಗ್ಗಿದ ಕೈ ಅದೇ ಅಳತೆಯ ಉಪ್ಪು-ಖಾರವನ್ನು ಕ್ಯಾರೆಟ್ಟಿಗೂ ಹಾಕಿ, ಹುಳಿ ಸೇರಿಸುವುದನ್ನು ಮರೆತರೆ ಅಲ್ಲಿ ತಯಾರಾಗುವುದು ಉಪ್ಪಿನಕಾಯಿಯಲ್ಲ, ಮಸಾಲೆ ಬೆರೆಸಿದ ಹಸಿ ತರಕಾರಿ.

ಹುಳಿಗಳಲ್ಲೂ ಭೇದವಿದೆ. ನಿಂಬೆರಸದ ಸಿಟ್ರಿಕ್ ಆಮ್ಲ ನಾಲಿಗೆಗೆ ಚುರುಕು. ವಿನಿಗರ್‌ನ ಅಸಿಟಿಕ್ ಆಮ್ಲ ಸೂಕ್ಷ್ಮಾಣುಗಳಿಗೆ ಹೆಚ್ಚು ಮಾರಕ. ಕಾರಣ ಅದರ ಸಣ್ಣ ಗಾತ್ರ ಮತ್ತು ಸ್ವಭಾವದಲ್ಲಿದೆ. ಪಿಎಚ್ 4.76ಕ್ಕಿಂತ ಕೆಳಗಿಳಿದಾಗ ಅಸಿಟಿಕ್ ಆಮ್ಲದ ಅರ್ಧಕ್ಕಿಂತ ಹೆಚ್ಚು ಅಣುಗಳು ಒಡೆಯದೆ ಇಡಿಯಾಗಿ ಉಳಿಯುತ್ತವೆ. ಇಡಿಯಾದ ಅಣು ಬ್ಯಾಕ್ಟೀರಿಯಾದ ಪೊರೆಯನ್ನು ಸಲೀಸಾಗಿ ದಾಟಿ ಒಳಹೋಗಿ, ಅಲ್ಲಿ ಒಡೆದು ಹುಳಿಯನ್ನು ಬಿಡುಗಡೆ ಮಾಡುತ್ತದೆ. ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನೆಲ್ಲ ಆ ಹುಳಿಯನ್ನು ಹೊರದೂಡುವುದರಲ್ಲೇ ಕಳೆದುಕೊಳ್ಳುತ್ತದೆ. ಬೆಳೆಯಲು, ಇಬ್ಭಾಗವಾಗಲು ಅದಕ್ಕೆ ತ್ರಾಣ ಉಳಿಯುವುದಿಲ್ಲ. ನಿಂಬೆಹುಳಿಯಲ್ಲಿ ನೆನೆಸಿದ್ದು ಮೂರು ನಾಲ್ಕು ದಿನಕ್ಕೆ ಮುಗಿಯಬೇಕು, ವಿನಿಗರ್‌ನಲ್ಲಿ ಹಾಕಿದ್ದು ಫ್ರಿಜ್ಜಿನಲ್ಲಿ ಎರಡು ವಾರ ಇರಬಲ್ಲದು ಎನ್ನುವುದರ ಹಿಂದೆ ಈ ವ್ಯತ್ಯಾಸವೂ ಇದೆ.

ವಿನಿಗರ್ ಬಾಟಲಿಯ ಹಿಂಬದಿಯನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಅಮೆರಿಕದ ಪಾಕಪುಸ್ತಕಗಳು ವಿನಿಗರ್ ಎಂದರೆ ಶೇ 5ರಷ್ಟು ಅಸಿಟಿಕ್ ಆಮ್ಲ ಎಂದೇ ಹಿಡಿದು ಸಮಪಾಲು ನೀರು ಬೆರೆಸಲು ಹೇಳುತ್ತವೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 4ರದ್ದು. ಭಾರತದ ಆಹಾರ ನಿಯಮ ಕೇಳುವ ಕನಿಷ್ಠ ಪ್ರಮಾಣ ಶೇ 3.75. ಶೇ 4ರ ವಿನಿಗರ್‌ಗೆ ಸಮಪಾಲು ನೀರು ಬೆರೆಸಿದರೆ ಶೇ 2ಕ್ಕೆ ಇಳಿಯಿತು. ಅಮೆರಿಕದ ಪಾಕದಷ್ಟೇ ಹುಳಿ ಬೇಕೆಂದರೆ ಐದು ಪಾಲು ವಿನಿಗರ್‌ಗೆ ಮೂರೇ ಪಾಲು ನೀರು ಸೇರಿಸಬೇಕು, ಆಗ ಶೇ 2.5 ಬರುತ್ತದೆ. ಮೇಲಾಗಿ ತರಕಾರಿಯೂ ನೀರಿನ ಮೂಟೆಯೇ. ಅರ್ಧ ಕಿಲೋ ಸೌತೆಗೆ ಅರ್ಧ ಲೀಟರ್ ಹುಳಿನೀರು ಹಾಕಿದರೆ, ಒಳಗೂ ಹೊರಗೂ ಸಮನಾದ ಮೇಲೆ ಆ ಹುಳಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಮೊದಲೇ ಉಪ್ಪು ಹಚ್ಚಿ ನೀರು ಹಿಂಡಿ ತೆಗೆಯುವ ಕ್ರಮ ಈ ಕಾರಣಕ್ಕೂ ಒಳ್ಳೆಯದು.

ಇಷ್ಟೆಲ್ಲ ಲೆಕ್ಕ ಯಾಕೆ ಎಂಬುದಕ್ಕೆ ಜಪಾನಿನ ಒಂದು ದುರಂತ ಉತ್ತರ ಕೊಡುತ್ತದೆ. ಅಲ್ಲಿ ಅಸಾಜುಕೆ ಎಂಬ ಲಘು ಉಪ್ಪಿನಕಾಯಿ ನಿತ್ಯದ ಊಟದ ಭಾಗ. ತರಕಾರಿಗೆ ಸ್ವಲ್ಪವೇ ಉಪ್ಪು ಹಾಕಿ ಕೆಲವು ಗಂಟೆ ನೆನೆಸಿ ತಿನ್ನುತ್ತಾರೆ. ಹುಳಿ ಬರುವಷ್ಟು ಕಾಲ ಅದನ್ನು ಇಡುವುದಿಲ್ಲ. 2012ರ ಆಗಸ್ಟ್‌ನಲ್ಲಿ ಹೊಕ್ಕೈಡೊ ದ್ವೀಪದಲ್ಲಿ ಹೀಗೆ ತಯಾರಾದ ಚೀನೀ ಎಲೆಕೋಸಿನ ಉಪ್ಪಿನಕಾಯಿ ತಿಂದು 169 ಮಂದಿ ಕಾಯಿಲೆ ಬಿದ್ದರು, ಎಂಟು ಜನ ತೀರಿಕೊಂಡರು. ವೃದ್ಧಾಶ್ರಮಗಳಲ್ಲಿದ್ದ ಹಿರಿಯರೇ ಹೆಚ್ಚಾಗಿ ಬಲಿಯಾದರು. ಕಾರಣ ಇ. ಕೊಲೈ ಒ157 ಎಂಬ ಬ್ಯಾಕ್ಟೀರಿಯಾ. ಅದು ಎಲೆಕೋಸಿನ ಜೊತೆಗೇ ಬಂದಿರಬಹುದು, ಪಾತ್ರೆಯಿಂದ ಬಂದಿರಬಹುದು. ಎಲ್ಲಿಂದ ಬಂದರೂ ಅದನ್ನು ತಡೆಯುವಷ್ಟು ಉಪ್ಪಾಗಲಿ ಹುಳಿಯಾಗಲಿ ಅಲ್ಲಿರಲಿಲ್ಲ. ಆಮೇಲೆ ಜಪಾನ್ ಸರ್ಕಾರ ಅಸಾಜುಕೆ ತಯಾರಿಕೆಯ ನಿಯಮಗಳನ್ನು ಬಿಗಿಗೊಳಿಸಿ, ತರಕಾರಿಯನ್ನು ಕ್ಲೋರಿನ್ ನೀರಿನಲ್ಲಿ ಅಥವಾ ಬಿಸಿಯಿಂದ ಶುದ್ಧಗೊಳಿಸಬೇಕು, 10 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬಾರದು ಎಂದಿತು.

ಹಾಗಾದರೆ ಅಜ್ಜಿಯ ಭರಣಿ ಹೇಗೆ ಉಳಿಯಿತು? ಅಲ್ಲಿ ಎರಡು ದಾರಿಗಳಿದ್ದವು. ಒಂದು, ಉಪ್ಪಿನ ಅತಿರೇಕ. ನೀರಿನಲ್ಲಿ ಕರಗಬಲ್ಲಷ್ಟೂ ಉಪ್ಪು ಕರಗಿದರೆ ದ್ರಾವಣದ ತೂಕದಲ್ಲಿ ಶೇ 26ರಷ್ಟು ಉಪ್ಪಿರುತ್ತದೆ. ಅಂಥ ಉಪ್ಪುನೀರಿನಲ್ಲಿ ಸೂಕ್ಷ್ಮಾಣುಗಳಿಗೆ ಬಳಸಲು ಸಿಗುವ ನೀರು ಎಷ್ಟು ಕಡಿಮೆಯೆಂದರೆ ರೋಗ ತರುವ ಯಾವ ಬ್ಯಾಕ್ಟೀರಿಯಾವೂ ಅಲ್ಲಿ ಬೆಳೆಯಲಾರದು. ಅಪ್ಪೆಮಿಡಿಯ ಭರಣಿ, ಕರಾವಳಿಯವರು ಹಲಸಿನ ಸೊಳೆ ಹಾಕಿಡುವ ಉಪ್ಪುನೀರು ಈ ದಾರಿಯವು. ಮಾರಾಟಕ್ಕಿಡುವ ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಕನಿಷ್ಠ ಶೇ 12 ಉಪ್ಪಿರಬೇಕೆಂದು ಇಂದಿನ ಕಾನೂನೂ ಹೇಳುತ್ತದೆ. ಎರಡನೆಯದು ಹುದುಗುವಿಕೆ. ಶೇ 2ರಿಂದ 8ರವರೆಗಿನ ಉಪ್ಪಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾಗಳು ಹಿಂದೆಬಿದ್ದು, ತರಕಾರಿಯ ಮೈಮೇಲೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತಾ ದಿನಗಟ್ಟಲೆ ಬೆಳೆಯುತ್ತವೆ. ಜರ್ಮನ್ನರ ಸೌರ್‌ಕ್ರೌಟ್, ಕೊರಿಯನ್ನರ ಕಿಮ್ಚಿ ಹಾಗೆ ಹುಳಿಬಂದವು. ದಿಢೀರ್ ಉಪ್ಪಿನಕಾಯಿಯಲ್ಲಿ ಆ ಉಪ್ಪೂ ಇಲ್ಲ, ಆ ದಿನಗಳೂ ಇಲ್ಲ. ಹೊರಗಿನಿಂದ ಸುರಿದ ಹುಳಿ ಮತ್ತು ಫ್ರಿಜ್ಜಿನ ತಂಪು ಇವೆರಡೇ ಅದರ ಕಾವಲು. ಆದ್ದರಿಂದ ವಿನಿಗರ್‌ನಲ್ಲಿ ನೆನೆಸಿದ ತರಕಾರಿಯಲ್ಲಿ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದೆ ಎಂಬ ಪ್ರಚಾರಕ್ಕೂ ಆಧಾರವಿಲ್ಲ. ಅವು ಬೆಳೆಯಲು ಅಲ್ಲಿ ಅವಕಾಶವನ್ನೇ ಕೊಟ್ಟಿರುವುದಿಲ್ಲ.

ಉಪ್ಪು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಹಳೆಯ ಪಾಕದ ಉಪ್ಪನ್ನು ಅರ್ಧಕ್ಕಿಳಿಸಿ, ಭರಣಿಯನ್ನು ಮಾತ್ರ ಹಿಂದಿನಂತೆ ಅಟ್ಟದ ಮೇಲಿಡುವವರು ಈಗ ಹೆಚ್ಚಿದ್ದಾರೆ. ಇದು ಸಲ್ಲದು. ಉಪ್ಪು ಇಳಿಸಿದರೆ ಜಾಗವನ್ನೂ ಬದಲಿಸಬೇಕು, ಅಟ್ಟದಿಂದ ಫ್ರಿಜ್ಜಿಗೆ. ಉಪ್ಪಿನ ಲೆಕ್ಕವೂ ನಾವಂದುಕೊಂಡಷ್ಟು ಸರಳವಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶೇ 12 ಉಪ್ಪಿರುವ ಹಳೆಯ ಉಪ್ಪಿನಕಾಯಿಯನ್ನು 10 ಗ್ರಾಂ ನೆಂಚಿಕೊಂಡರೆ ಒಳಸೇರುವುದು 1.2 ಗ್ರಾಂ. ಶೇ 2ರ ದಿಢೀರ್ ಉಪ್ಪಿನಕಾಯಿಯನ್ನು ಪಲ್ಯದ ಹಾಗೆ 60 ಗ್ರಾಂ ಬಡಿಸಿಕೊಂಡರೂ ಅಷ್ಟೇ. ವ್ಯತ್ಯಾಸ ಎಂದರೆ, ಎರಡನೆಯದರಲ್ಲಿ ಒಂದು ಬಟ್ಟಲು ತರಕಾರಿಯೂ ಹೊಟ್ಟೆ ಸೇರುತ್ತದೆ.

ಕರಂ ಎನ್ನುವ ಗುಣವನ್ನು ಉಳಿಸಿಕೊಳ್ಳುವುದು ಹೇಗೆ? ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಸೌತೆಯ ಹೂವಿನ ತುದಿಯಲ್ಲಿ, ಅಂದರೆ ತೊಟ್ಟಿನ ಎದುರುಬದಿಯಲ್ಲಿ, ಈ ಪೆಕ್ಟಿನ್ನನ್ನು ಕರಗಿಸುವ ಕಿಣ್ವಗಳು ಸೇರಿಕೊಂಡಿರುತ್ತವೆ. ಆ ತುದಿಯನ್ನು ತೆಳುವಾಗಿ ಒಂದು ಬಿಲ್ಲೆಯಷ್ಟು ಕತ್ತರಿಸಿ ಎಸೆದರೆ ಉಪ್ಪಿನಕಾಯಿ ಬೇಗ ಮೆತ್ತಗಾಗುವುದಿಲ್ಲ. ತೊಟ್ಟಿನ ತುದಿಯದ್ದು ಬೇರೆ ಸಮಸ್ಯೆ. ಕುಕುರ್ಬಿಟಾಸಿನ್ ಎಂಬ ಕಹಿ ಹೆಚ್ಚಾಗಿ ಅಲ್ಲಿರುತ್ತದೆ. ಕತ್ತರಿಸಿದ ತುಂಡನ್ನು ಕಾಯಿಗೆ ತಿಕ್ಕಿ ನೊರೆ ಬರಿಸುವುದು ನಮ್ಮ ಮನೆಗಳ ರೂಢಿ. ಆ ತುದಿಯನ್ನು ಕತ್ತರಿಸಿ ಬಿಸಾಡುವುದರಲ್ಲೇ ಕೆಲಸದ ದೊಡ್ಡ ಭಾಗ ಮುಗಿದಿರುತ್ತದೆ. ಇಡೀ ಕಾಯಿ ಕಹಿಯಾಗಿದ್ದರೆ ತಿಕ್ಕಿ ಫಲವಿಲ್ಲ, ಬಿಟ್ಟುಬಿಡಬೇಕು.

ಕುದಿಯುವ ಹುಳಿನೀರನ್ನು ಸುರಿಯಬೇಕೋ ಆರಿದ್ದನ್ನೋ ಎಂಬುದು ತರಕಾರಿಯ ಮೇಲೆ ನಿಂತಿದೆ. ಬಿಸಿಗೆ ಕೋಶಪೊರೆ ಹರಿಯುತ್ತದೆ, ಹುಳಿ ಬೇಗ ಒಳಹೋಗುತ್ತದೆ. ಕ್ಯಾರೆಟ್, ಬೀನ್ಸ್, ಹೂಕೋಸಿನಂಥ ಗಟ್ಟಿ ತರಕಾರಿಗೆ ಅದು ಅನುಕೂಲ. ಸೌತೆಗೆ, ಮೂಲಂಗಿಗೆ ತಣ್ಣಗಿನದ್ದೇ ಸರಿ.

ಸೌತೆಯ ಮಾತು ಬಂದಾಗ ಕರ್ನಾಟಕದ ರೈತರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಿನಿಗರ್‌ನಲ್ಲಿ ಹಾಕುವುದು ಪರದೇಶದವರ ಪದ್ಧತಿ ಎಂದು ನಾವು ಭಾವಿಸಿದ್ದರೂ ಆ ಪರದೇಶದ ಜಾಡಿಗಳಲ್ಲಿರುವ ಕಾಯಿ ಎಷ್ಟೋ ಸಲ ಇಲ್ಲಿಯದೇ. ಮಿಡಿಸೌತೆಯ ಬೇಸಾಯ ಭಾರತದಲ್ಲಿ ಆರಂಭವಾದದ್ದು 1990ರ ದಶಕದ ಮೊದಲಲ್ಲಿ, ಕರ್ನಾಟಕದಲ್ಲಿ. ಬಳಿಕ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. ತೊಂಬತ್ತು ದಿನದ ಬೆಳೆ. 2020–21ರಲ್ಲಿ ದೇಶದಿಂದ ರಫ್ತಾದ ಸೌತೆ ಮತ್ತು ಮಿಡಿಸೌತೆ 2 ಲಕ್ಷ ಟನ್‌ಗೂ ಹೆಚ್ಚು. ಉಪ್ಪುನೀರು, ವಿನಿಗರ್ ಅಥವಾ ಅಸಿಟಿಕ್ ಆಮ್ಲದಲ್ಲಿ ಮುಳುಗಿ ಅದು ಅಮೆರಿಕ, ಯುರೋಪು, ರಷ್ಯಾಗಳಿಗೆ ಹೋಗುತ್ತದೆ. ಇಷ್ಟು ಬೆಳೆಯುವ ನಾಡಿನ ಸಂತೆಗಳಲ್ಲಿ ಮಾತ್ರ ಮಿಡಿಸೌತೆ ಅಪರೂಪ. ಸಿಕ್ಕಾಗ ಕೊಳ್ಳಬೇಕಾದ ತರಕಾರಿ ಅದು.

ಬಣ್ಣಗಳ ಬದಲಾವಣೆ ಗಾಬರಿ ಹುಟ್ಟಿಸುವುದುಂಟು. ಕೆಂಪು ಈರುಳ್ಳಿ ನಿಂಬೆರಸದಲ್ಲಿ ಹತ್ತೇ ನಿಮಿಷಕ್ಕೆ ಹೊಳೆವ ಗುಲಾಬಿಯಾಗುತ್ತದೆ, ಅದರ ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗುವ ಬಣ್ಣ. ಬೀನ್ಸ್, ಹಸಿಮೆಣಸಿನ ಹಸಿರು ಮಂಕಾಗುತ್ತದೆ, ಹುಳಿಯಲ್ಲಿ ಕ್ಲೋರೊಫಿಲ್ ತನ್ನ ನಡುವಿನ ಮೆಗ್ನೀಸಿಯಂ ಕಳೆದುಕೊಳ್ಳುವುದೇ ಕಾರಣ. ಬೆಳ್ಳುಳ್ಳಿ ನೀಲಿಹಸಿರಾದರೆ ವಿಷವಾಯಿತೆಂದು ಜಾಡಿಯನ್ನೇ ಚೆಲ್ಲುವವರಿದ್ದಾರೆ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಅಮೈನೊ ಆಮ್ಲಗಳ ಜೊತೆ ಸೇರಿ ಹುಟ್ಟಿದ ನಿರಪಾಯದ ಬಣ್ಣ ಅದು. ಉತ್ತರ ಚೀನಾದಲ್ಲಿ ಲಾಬಾ ಹಬ್ಬದ ದಿನ ಬೆಳ್ಳುಳ್ಳಿಯನ್ನು ವಿನಿಗರ್‌ನಲ್ಲಿ ಹಾಕಿ ಬೇಕೆಂದೇ ಹಸಿರಾಗಿಸುತ್ತಾರೆ.

ಸಾಸಿವೆಯ ಗುಟ್ಟು ಇನ್ನೂ ಸೊಗಸು. ಇಡೀ ಕಾಳಿಗೆ ಘಾಟಿಲ್ಲ. ಅರೆದು ನೀರು ತಾಗಿದಾಗ ಮೈರೋಸಿನೇಸ್ ಎಂಬ ಕಿಣ್ವ ಕೆಲಸಕ್ಕಿಳಿದು ಮೂಗಿಗೇರುವ ಅಲೈಲ್ ಐಸೋಥಯೋಸಯನೇಟ್ ಉಂಟಾಗುತ್ತದೆ. ಬಿಸಿ ಎಣ್ಣೆಯಲ್ಲಿ ಸಿಡಿಸಿದ ಕಾಳಿನಲ್ಲಿ ಕಿಣ್ವ ಸತ್ತಿರುತ್ತದೆ, ಪರಿಮಳ ಉಂಟು, ಘಾಟು ಇಲ್ಲ. ಈ ಘಾಟಿನ ಸಂಯುಕ್ತಕ್ಕೆ ಬೂಸು ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿಯಿದೆ. ಹಳಬರು ಮಾವಿನ ಉಪ್ಪಿನಕಾಯಿಗೆ ಹಸಿ ಸಾಸಿವೆ ಅರೆದು ಧಾರಾಳವಾಗಿ ಹಾಕಿದ್ದು ರುಚಿಗಷ್ಟೇ ಅಲ್ಲ. ದಿಢೀರ್ ಉಪ್ಪಿನಕಾಯಿಗೆ ಒಗ್ಗರಣೆಯ ಜೊತೆ ಅರ್ಧ ಚಮಚ ಅರೆದ ಸಾಸಿವೆಯನ್ನೂ ಬೆರೆಸಿದರೆ ಎರಡೂ ಲಾಭ ಸಿಗುತ್ತವೆ.

ಎಣ್ಣೆಯ ಮೇಲೆ ಮಾತ್ರ ಅತಿಯಾದ ಭರವಸೆ ಬೇಡ. ಎಣ್ಣೆಯ ಪದರ ಗಾಳಿಯನ್ನು ತಡೆದು ಬೂಸು ಹಿಡಿಯದಂತೆ ಮಾಡುತ್ತದೆ, ನಿಜ. ಆದರೆ ಬಾಟುಲಿನಂ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಗಾಳಿಯಿಲ್ಲದ ಜಾಗವೇ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೋಯಾ ಎಣ್ಣೆಯಲ್ಲಿ ಹಾಕಿ ಫ್ರಿಜ್ಜಿನ ಹೊರಗಿಟ್ಟಿದ್ದ ಬೆಳ್ಳುಳ್ಳಿಯಿಂದ 36 ಜನ ಬಾಟುಲಿಸಂಗೆ ತುತ್ತಾದರು. ಬೆಳ್ಳುಳ್ಳಿ, ಕ್ಯಾರೆಟ್‌ನಂಥ ಮಣ್ಣಿನಲ್ಲಿ ಬೆಳೆಯುವ, ಹುಳಿಯಿಲ್ಲದ ತರಕಾರಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಲೇಬಾರದು. ಮೊದಲು ಹುಳಿ, ಆಮೇಲೆ ಎಣ್ಣೆ.

ಒದ್ದೆ ಚಮಚ ಹಾಕಬೇಡಿ ಎಂಬ ಗದರಿಕೆಯಲ್ಲಿ ವಿಜ್ಞಾನವಿದೆ. ನೀರು ಬಿದ್ದ ಕಡೆ ಉಪ್ಪು-ಹುಳಿ ತೆಳುವಾಗಿ ಬೂಸಿಗೆ ನೆಲೆ ಸಿಗುತ್ತದೆ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಬೇಡ, ಗಾಜು ಅಥವಾ ಪಿಂಗಾಣಿ ಇರಲಿ ಎಂಬುದರಲ್ಲೂ ಇದೆ, ಹುಳಿ ಆ ಲೋಹಗಳನ್ನು ಕರಗಿಸುತ್ತದೆ. ಆದರೆ ಮುಟ್ಟಾದ ಹೆಂಗಸರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದರಲ್ಲಿ ಕಾಳಿನಷ್ಟೂ ಸತ್ಯವಿಲ್ಲ. ಉಪ್ಪಿನಕಾಯಿ ಕೆಡುವುದು ಕೈ ತೊಳೆಯದಿದ್ದರೆ, ಆ ಕೈ ಗಂಡಸಿನದಾದರೂ ಹೆಂಗಸಿನದಾದರೂ. ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳನ್ನು ತಾವೇ ಹಾಕಿದ ಭರಣಿಯಿಂದ ದೂರ ನಿಲ್ಲಿಸಿದ ಈ ಮಾತನ್ನು ಈಗಲಾದರೂ ಅಡುಗೆಮನೆಯಿಂದ ಹೊರಹಾಕಬೇಕು.

ಮನೆಯಲ್ಲಿ ಮಾಡುವವರು ಒಂದು ಸಲಕ್ಕೆ ಅರ್ಧ ಕಿಲೋಗಿಂತ ಹೆಚ್ಚು ತರಕಾರಿ ತೆಗೆದುಕೊಳ್ಳದಿರುವುದು ಒಳ್ಳೆಯದು. ಹರಿಯುವ ನೀರಿನಲ್ಲಿ ತೊಳೆದು, ಒರೆಸಿ, ತೆಳ್ಳಗೆ ಹೆಚ್ಚಿ, ಹತ್ತು ಗ್ರಾಂ ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ನೀರು ಬಸಿಯಿರಿ. ಉಪ್ಪನ್ನು ಚಮಚದಲ್ಲಿ ಅಳೆಯುವುದಕ್ಕಿಂತ ತೂಗುವುದು ಮೇಲು. ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪಾದರೂ ಪ್ಯಾಕೆಟ್ಟಿನ ಪುಡಿಯುಪ್ಪಾದರೂ ಕೆಲಸ ಒಂದೇ, ಒಂದು ಚಮಚದಲ್ಲಿ ಹಿಡಿಯುವ ತೂಕ ಮಾತ್ರ ಬೇರೆ. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಹೋಳುಗಳು ಹುಳಿನೀರಿನಲ್ಲಿ ಪೂರ್ತಿ ಮುಳುಗುವಂತೆ ತುಂಬಿ, ಮುಚ್ಚಳದ ಮೇಲೆ ತಾರೀಕು ಬರೆದು ಫ್ರಿಜ್ಜಿನಲ್ಲಿಡಿ. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ಜು ಗಂಟೆಗಟ್ಟಲೆ ಬೆಚ್ಚಗಾಗಿದ್ದರೆ, ಮೇಲೆ ಬಿಳಿ ಪೊರೆ ಕಟ್ಟಿದ್ದರೆ, ವಾಸನೆ ಬದಲಾಗಿದ್ದರೆ, ರುಚಿ ನೋಡಲೂ ಹೋಗದೆ ಚೆಲ್ಲಿಬಿಡಿ. ಹೊಸದನ್ನು ಹಾಕಲು ಬೇಕಾಗುವುದು ಅರ್ಧ ಗಂಟೆ.